ತೂಕಕ್ಕೆ ತಕ್ಕ ಪಟ

ಉಸಿರು ಬಿಡಿ ಎಂದು ಹೇಳುವುದನ್ನು ಅವನು ಆ ಬೆಳಿಗ್ಗೆ ಮರೆತಿದ್ದ. ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತು ವರ್ಷ ಸವೆಸಿದವನು. ಎದೆಯ ಚಿತ್ರ ತೆಗೆಯಲು ಹೇಳಬೇಕಾದ ಮಾತು ಮೂರೇ ಮೂರು, ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ, ಬಿಡಿ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅದೇ ಕ್ರಮದಲ್ಲಿ ಒಪ್ಪಿಸುತ್ತೀರಿ ಎಂದು ಹೆಂಡತಿ ಹಿಂದೆಲ್ಲ ಗೇಲಿ ಮಾಡುತ್ತಿದ್ದಳು. ಆದರೆ ಆ ಬೆಳಿಗ್ಗೆ, ಅಂಗಿ ಬಿಚ್ಚಿ ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಂತಿದ್ದ ಮುದುಕನಿಗೆ ಹಿಡಿದುಕೊಳ್ಳಿ ಎಂದು ಹೇಳಿ, ಗೋಡೆಯ ಹಿಂದೆ ಬಂದು ಗುಂಡಿ ಒತ್ತಿ, ಪರದೆಯ ಮೇಲೆ ಮೂಡಿದ ಪಕ್ಕೆಲುಬುಗಳನ್ನು ನೋಡುತ್ತ ನಿಂತವನಿಗೆ ಎರಡು ದಾರದ್ದೋ ಮೂರು ದಾರದ್ದೋ ಎಂಬ ಯೋಚನೆ ಹತ್ತಿಕೊಂಡಿತು. ಮಧ್ಯಾಹ್ನ ಅಂಗಡಿಗೆ ಹೋಗಬೇಕಿತ್ತು, ಹೆಂಡತಿಗೆ ಗಾಳಿಪಟ ತರಬೇಕಿತ್ತು, ಅವಳು ಮತ್ತೆ ಮತ್ತೆ ಹೇಳಿದ್ದು ಎರಡೋ ಮೂರೋ? ಗಾಜಿನಾಚೆ ನೋಡಿದರೆ ಮುದುಕ ಹಲಗೆಯನ್ನು ತಬ್ಬಿಕೊಂಡು ಹಾಗೇ ನಿಂತಿದ್ದ, ಕೆನ್ನೆ ಉಬ್ಬಿಸಿಕೊಂಡು, ಕಿವಿಯ ತುದಿಯವರೆಗೆ ಕೆಂಪಾಗಿ. ‘ಯಜಮಾನ್ರೇ, ಬಿಡಿ, ಬಿಡಿ, ಉಸಿರು ಬಿಡಿ’ ಎಂದು ಅವನು ಓಡಿದ. ಮುದುಕ ಕೆಮ್ಮಿದ, ಕಣ್ಣೊರೆಸಿಕೊಂಡ, ಬೈಯಲಿಲ್ಲ. ತನ್ನದೇ ತಪ್ಪೆಂಬಂತೆ ನಾಚಿಕೊಂಡು, ‘ನೀವು ಬಿಡಿ ಅನ್ನಲಿಲ್ವಲ್ಲ ಡಾಕ್ಟ್ರೇ’ ಎಂದ. ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಾನು ಡಾಕ್ಟರಲ್ಲ ಎಂದು ತಿದ್ದುವುದನ್ನು ಅವನು ಬಿಟ್ಟು ಬಹಳ ಕಾಲವಾಗಿತ್ತು.

ಮಧ್ಯಾಹ್ನ ಅಂಗಡಿಯ ಮುಂದೆ ನಿಂತಾಗಲೂ ಆ ಉಬ್ಬಿದ ಕೆನ್ನೆ ಅವನ ಬೆನ್ನು ಬಿಟ್ಟಿರಲಿಲ್ಲ. ಆಸ್ಪತ್ರೆಯಿಂದ ಎರಡು ರಸ್ತೆ ದಾಟಿದರೆ ಸಿಗುವ ಅಂಗಡಿ. ಕಿಟಕಿಯಲ್ಲಿ ತಲೆಯಿಲ್ಲದ ಬೊಂಬೆಯೊಂದು ಈಜುವ ಬಟ್ಟೆ ತೊಟ್ಟು ನಿಂತಿತ್ತು, ಒಳಗೆ ಹಲಗೆಗಳು, ಹಗ್ಗಗಳು, ಹೊಸ ರಬ್ಬರಿನ ವಾಸನೆ. ಇಂಥ ಅಂಗಡಿಗೆ ಕಾಲಿಡುವ ದಿನ ತನಗೆ ಬಂದೀತೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಎಲ್ಲ ಶುರುವಾದದ್ದು ಒಂದು ಹರಿದ ಬಟ್ಟೆಯಿಂದ. ಹೆಂಡತಿಯದು ಹೊಲಿಗೆಯ ಕೆಲಸ. ಪರದೆ, ಸೋಫಾದ ಗವಸು, ಕಿತ್ತುಹೋದ ಜಿಪ್ಪು, ಏನಾದರೂ ಸರಿ. ಒಂದು ದಿನ ಬಿಸಿಲಿಗೆ ಮೂಗು ಸುಲಿದ ಹೆಂಗಸೊಬ್ಬಳು ದೊಡ್ಡ ಚೀಲದ ತುಂಬ ನೀಲಿ ಬಟ್ಟೆ ತಂದು ಸುರಿದಳಂತೆ. ಕಡಲ ದಂಡೆಯಲ್ಲಿ ಕೈಟ್‌ಬೋರ್ಡಿಂಗ್ ಕಲಿಸುವವಳು. ಕಾಲಿಗೆ ಹಲಗೆ ಸಿಕ್ಕಿಸಿಕೊಂಡು, ಗಾಳಿಪಟದ ಎಳೆತಕ್ಕೆ ನೀರಿನ ಮೇಲೆ ಜಾರುವುದು, ಅದೇ ಆಟ. ಪಟ ಹರಿದಿತ್ತು. ಹೆಂಡತಿ ಹೊಲಿದುಕೊಟ್ಟಳು. ತನ್ನ ಹೊಲಿಗೆ ಗಾಳಿಗೆ ನಿಲ್ಲುತ್ತದೋ ಇಲ್ಲವೋ ನೋಡಿಬರುತ್ತೇನೆ ಎಂದು ದಂಡೆಗೆ ಹೋದವಳು ಸಂಜೆಯಾದರೂ ಬರಲಿಲ್ಲ. ಹೊಲಿಗೆ ನಿಂತಿತ್ತು. ಅಂದಿನಿಂದ ಅವಳ ತಲೆಯಲ್ಲಿ ಆ ಪಟವೇ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹೇಳದೆಯೂ ಹೇಳುವುದು ಹೇಗೆಂದು ಗಂಡಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಅವಳು ಆ ಮಾತು ತೆಗೆದಾಗಲೆಲ್ಲ ಅವನಿಗೆ ಆಕಳಿಕೆ ಬರುತ್ತಿತ್ತು. ಮೊದಲು ನೆಲದ ಮೇಲೆ ಚಿಕ್ಕ ಕಲಿಕೆಯ ಪಟ ಹಾರಿಸಿ ಕೈ ಪಳಗಿಸಿಕೊಂಡು ಬಾ, ಆಮೇಲೆ ನೀರಿಗಿಳಿಸುತ್ತೇನೆ ಎಂದಿದ್ದಳಂತೆ ಆ ಟೀಚರು. ‘ನೀನೇ ಹೋಗಿ ತಗೋ’ ಎಂದು ಅವನೂ ಹೇಳಿ ನೋಡಿದ್ದ. ‘ಬೇಡ, ನೀವೇ ತನ್ನಿ. ಒಂದು ಸಲ ನಿಮ್ಮ ಕೈಯಿಂದ ಬರಲಿ’ ಎಂದಿದ್ದಳು.

‘ಯಾರಿಗೆ ಅಂಕಲ್?’ ಎಂದು ಅಂಗಡಿಯ ಹುಡುಗಿ ಕೇಳಿದಳು.

‘ನನಗೇ’ ಎಂದುಬಿಟ್ಟ. ಯಾಕೆ ಹಾಗೆ ಬಾಯಿಗೆ ಬಂತೋ ಅವನಿಗೇ ತಿಳಿಯಲಿಲ್ಲ. ಹೆಂಡತಿಗೆ ಎಂದಿದ್ದರೆ ಹುಡುಗಿ ಮುಖ ಅರಳಿಸಿ, ಅಯ್ಯೋ ಎಷ್ಟು ಚೆಂದ, ಅವರೆಲ್ಲಿ, ಅವರಿಗೇನು ಇಷ್ಟ ಎಂದೆಲ್ಲ ಕೇಳುತ್ತಿದ್ದಳು. ಅದಕ್ಕೆಲ್ಲ ಉತ್ತರ ಹೇಳುವಷ್ಟು ಅವನಿಗೆ ಗೊತ್ತಿರಲಿಲ್ಲ. ಅಲ್ಲದೆ ಒಂದು ಕ್ಷಣ, ಒಂದೇ ಕ್ಷಣ, ಇಂಥದ್ದೊಂದು ಆಸೆ ಹುಟ್ಟಿದವನು ತಾನೇ ಆಗಿದ್ದರೆ ಎಂಬ ಹೊಟ್ಟೆಕಿಚ್ಚು ಅವನನ್ನು ಚುಚ್ಚಿತು. ಹುಡುಗಿ ಅವನ ಹೊಟ್ಟೆಯ ಕಡೆ ಒಮ್ಮೆ ನೋಡಿ, ನೋಡಲಿಲ್ಲವೆಂಬಂತೆ ಕಣ್ಣೆತ್ತಿ, ‘ತೂಕ ಎಷ್ಟಿದ್ದೀರಿ?’ ಎಂದಳು. ಎಂಬತ್ತೆಂಟು ಎಂದ. ‘ಹಾಗಾದ್ರೆ ದೊಡ್ಡದೇ ಬೇಕು. ಚಿಕ್ಕದು ನಿಮ್ಮನ್ನ ಮಿಸುಕಾಡ್ಸೋದೂ ಇಲ್ಲ.’ ಪಕ್ಕದಲ್ಲಿ ಕನ್ನಡಿಯ ಮುಂದೆ ತಂಪು ಕನ್ನಡಕ ಹಾಕಿ ನೋಡುತ್ತಿದ್ದ ತರುಣನೊಬ್ಬ ಕನ್ನಡಿಯೊಳಗೇ ನಕ್ಕ. ಹುಡುಗಿ ಪಟ ಹರವಿದಳು. ಕೋಲಿಲ್ಲ, ಕಡ್ಡಿಯಿಲ್ಲ, ಬರೀ ಬಟ್ಟೆ, ಸಾಲಾಗಿ ಗೂಡುಗಳು, ಗಾಳಿ ಒಳಹೊಕ್ಕರೆ ದಿಂಬಿನಂತೆ ಉಬ್ಬುತ್ತದಂತೆ. ದಾರಗಳೆಲ್ಲ ಬಾರ್ ಎಂಬ ಒಂದು ಅಡ್ಡಹಿಡಿಗೆ ಬಂದು ಸೇರುತ್ತವೆ, ಸೈಕಲ್ಲಿನ ಹ್ಯಾಂಡಲಿನ ಹಾಗೆ ಎರಡೂ ಕೈಯಲ್ಲಿ ಹಿಡಿಯಬೇಕು, ಬಲಗೈ ಎಳೆದರೆ ಬಲಕ್ಕೆ, ಎಡಗೈ ಎಳೆದರೆ ಎಡಕ್ಕೆ.

‘ಎರಡು ದಾರದ್ದೂ ಇದೆ, ಆದ್ರೆ ಕಲಿಯೋರಿಗೆ ನಾನು ಮೂರು ದಾರದ್ದೇ ಕೊಡೋದು’ ಎಂದಳು ಹುಡುಗಿ. ‘ಮೂರನೇದು ನಿಮ್ಮ ಮಣಿಕಟ್ಟಿಗೆ ಕಟ್ಟಿರುತ್ತೆ. ಗಾಳಿ ಜೋರಾಯ್ತು, ಎಳ್ಕೊಂಡು ಹೋಗ್ತಿದೆ ಅನ್ಸಿದ್ರೆ ಬಾರ್ ಬಿಟ್ಬಿಡಿ. ಅಷ್ಟೇ. ಪಟ ಉಸಿರು ಹೋದ ಹಾಗೆ ಕೆಳಗೆ ಬೀಳುತ್ತೆ. ಎಲ್ಲರೂ ಮಾಡೋ ತಪ್ಪು ಒಂದೇ ಅಂಕಲ್, ಹೆದರಿಕೆಯಾದಾಗ ಇನ್ನೂ ಗಟ್ಟಿಯಾಗಿ ಹಿಡ್ಕೋತಾರೆ.’ ಮೂರು ಎಂದಾಕ್ಷಣ ಹೆಂಡತಿಯ ದನಿ ನೆನಪಾಯಿತು, ಹೌದು, ಅವಳು ಹೇಳಿದ್ದೂ ಮೂರೇ, ಪಾತ್ರೆ ಒರೆಸುತ್ತ ಮೂರು ಬೆರಳೆತ್ತಿ ತೋರಿಸಿದ್ದಳು. ಒಂದಾದರೂ ಸರಿಯಾಯಿತಲ್ಲ ಎಂದು ನಿರಾಳವಾಗುವಷ್ಟರಲ್ಲಿ ಹುಡುಗಿ ಪಟ ಮಡಿಸುತ್ತ ಕೇಳಿದಳು: ‘ಮನೇಲಿ ಬೇರೆ ಯಾರಾದ್ರೂ ಹಾರಿಸ್ತಾರಾ? ಹಗುರ ಇರೋರ ಕೈಗೆ ಇದು ಬೇಡ. ಐವತ್ತು ಐವತ್ತೈದು ಕಿಲೋದವರನ್ನ ನೆಲದ ಮೇಲೆ ಎಳ್ಕೊಂಡು ಹೋಗ್ಬಿಡುತ್ತೆ.’

ಅಲ್ಲೇ ಹೇಳಬಹುದಿತ್ತು. ಇದು ನನಗಲ್ಲಮ್ಮ, ನನ್ನ ಹೆಂಡತಿಗೆ ಎಂದಿದ್ದರೆ ಮುಗಿಯುತ್ತಿತ್ತು. ಹುಡುಗಿ ನಕ್ಕು ಬೇರೆಯದು ತೆಗೆಯುತ್ತಿದ್ದಳು. ಆದರೆ ಹೇಳಿದರೆ ಮುಂದಿನ ಪ್ರಶ್ನೆ ಅವಳ ತೂಕವೆಷ್ಟು ಎಂಬುದು. ಅವನು ಯೋಚಿಸಿ ನೋಡಿದ. ಅವಳ ಚಪ್ಪಲಿಯ ಅಳತೆ ಗೊತ್ತು, ರಕ್ತದ ಗುಂಪು ಗೊತ್ತು, ಕೆಳದವಡೆಯ ಯಾವ ಹಲ್ಲಿಗೆ ಬೆಳ್ಳಿ ತುಂಬಿದೆ ಎಂಬುದೂ ಗೊತ್ತು, ಅವನೇ ಚಿತ್ರ ತೆಗೆದದ್ದು. ತೂಕ ಗೊತ್ತಿಲ್ಲ. ಕಣ್ಣು ಮುಚ್ಚಿ ಅವಳನ್ನು ನಿಲ್ಲಿಸಿಕೊಂಡು ನೋಡಲು ಹೋದರೆ ಮದುವೆಯ ಹೊಸತರಲ್ಲಿ ಪ್ರವಾಹದ ನೀರು ನಿಂತ ರಸ್ತೆಯಲ್ಲಿ ಅವಳನ್ನು ಎತ್ತಿಕೊಂಡು ದಾಟಿದ್ದು ನೆನಪಾಯಿತು, ನಡುರಸ್ತೆಯಲ್ಲಿ ಏದುಸಿರು ಬಂದು, ಇಳಿಸಿಬಿಡಲೇ ಎಂದು ಕೇಳಿದ್ದಕ್ಕೆ ಅವಳು ಅವನ ಕಿವಿ ಹಿಂಡಿದ್ದಳು. ಆ ಭಾರವೇ ಅವನಿಗೆ ಗೊತ್ತಿದ್ದ ಭಾರ. ‘ಇಲ್ಲ, ನಾನೊಬ್ಬನೇ’ ಎಂದ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಎಷ್ಟು ಆಯಾಸವಾಗಿತ್ತೆಂದರೆ, ಇಳಿಯಬೇಕಾದ ನಿಲ್ದಾಣ ದಾಟಿಹೋದದ್ದೂ ತಿಳಿಯಲಿಲ್ಲ. ಸುಳ್ಳು ಹೇಳಿದ್ದರಿಂದ ಬಂದ ಆಯಾಸವಲ್ಲ. ಒಂದು ವರ್ಷದಿಂದ ಅದು ಹಾಗೇ ಇತ್ತು, ಮಗಳು ಹಾಸ್ಟೆಲಿಗೆ ಹೋದಾಗಿನಿಂದ, ಸದ್ದಿಲ್ಲದ ಮನೆಗೆ ಬೇಗ ಹೋಗಿ ಮಾಡುವುದೇನೆಂದು ಅವನು ಸಂಜೆಯ ಪಾಳಿಯನ್ನೂ ಕೇಳಿ ತೆಗೆದುಕೊಂಡು, ಆಸ್ಪತ್ರೆಯ ಕ್ಯಾಂಟೀನಿನಲ್ಲೇ ಊಟ ಮುಗಿಸಿ, ಅವಳು ಮಲಗುವ ಹೊತ್ತಿಗೆ ಮನೆ ಸೇರತೊಡಗಿದಾಗಿನಿಂದ.

ಆ ದಿನ ಮಾತ್ರ ಸಂಜೆಯ ಪಾಳಿ ಬಿಟ್ಟು ಬಂದಿದ್ದ. ಬಾಗಿಲು ತೆರೆದವಳು ಗಾಬರಿಯಾಗಿ, ‘ಯಾಕ್ರೀ, ಹುಷಾರಿಲ್ವಾ?’ ಎಂದಳು. ಚೀಲ ಕಂಡದ್ದೇ ಅದನ್ನು ಇಸಿದುಕೊಂಡಳು. ಹೊಲಿಗೆ ಯಂತ್ರದ ಮೇಲಿದ್ದ ಯಾರದೋ ಪರದೆಯನ್ನು ಸರಿಸಿ, ದೀಪದ ಕೆಳಗೆ ಪಟ ಹರಡಿಕೊಂಡಳು. ಬಣ್ಣ ನೋಡಲಿಲ್ಲ, ಅಗಲ ನೋಡಲಿಲ್ಲ. ಬಟ್ಟೆಯನ್ನು ಮಗುಚಿ ಒಳಮೈಯ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸುತ್ತ ಹೋದಳು, ಒಂದು ಗೂಡಿನಿಂದ ಇನ್ನೊಂದಕ್ಕೆ. ‘ಎರಡೆರಡು ಹೊಲಿಗೆ ಹಾಕಿದ್ದಾರೆ. ಒಳ್ಳೇದನ್ನೇ ತಂದಿದ್ದೀರಿ’ ಎಂದಳು. ಅವನು ಬೂಟಿನ ದಾರ ಬಿಚ್ಚುವ ನೆಪದಲ್ಲಿ ತಲೆ ಬಗ್ಗಿಸಿಯೇ ಕೂತಿದ್ದ. ‘ಸೈಜ್ ಸರಿ ಇದೆ ತಾನೆ?’ ಎಂದು ಅವಳು ಕೇಳಿದಳು. ‘ಅಂಗಡೀಲಿ ಕೇಳಿಯೇ ತಂದೆ.’ ಅದು ಸುಳ್ಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ, ಆದರೆ ಸಮಾಧಾನವೇನೂ ಆಗಲಿಲ್ಲ. ಅವಳು ಹಾಡಿನಂಥದ್ದೇನನ್ನೋ ಗುನುಗಿಕೊಳ್ಳುತ್ತ ಹಳೆಯ ಜೀನ್ಸ್ ಬಟ್ಟೆ ಹುಡುಕಿ ತೆಗೆದು, ಸೊಂಟಕ್ಕೆ ಕಟ್ಟುವ ಅಗಲವಾದ ಪಟ್ಟಿಯೊಂದನ್ನು ಹೊಲಿಯಲು ಕೂತಳು. ಮೊದಮೊದಲು ಹಿಂದಿನಿಂದ ಒಬ್ಬರು ಹಿಡಿದುಕೊಳ್ಳಬೇಕಂತೆ, ಟೀಚರು ಹೇಳಿದ್ದಾಳಂತೆ. ‘ನೀವೇ ಹಿಡ್ಕೋಬೇಕು, ಮತ್ತೆ ಆಕಳಿಸ್ತಾ ನಿಂತ್ಕೋಬೇಡಿ’ ಎಂದು ಯಂತ್ರದ ಸದ್ದಿನ ಮೇಲಿಂದ ಕೂಗಿದಳು. ಬಹಳ ದಿನದ ಮೇಲೆ ಅವಳು ಅವನನ್ನು ಗೇಲಿ ಮಾಡಿದ್ದಳು. ಈಗ ಹೇಳಿದರೆ ಆ ಯಂತ್ರ ನಿಂತುಹೋಗುತ್ತದೆ ಎಂದುಕೊಂಡು ಅವನು ಸುಮ್ಮನೆ ಕೈಕಾಲು ತೊಳೆಯಲು ಹೋದ.

ರಜೆಯ ದಿನ ನೀರು ಇಳಿದು ಬಯಲಾದ ದಂಡೆಗೆ ಹೋದರು. ದೂರದಲ್ಲಿ ಒಂದಿಬ್ಬರು ನಾಯಿ ಓಡಾಡಿಸುತ್ತಿದ್ದರು, ಬೇರೆ ಯಾರಿಲ್ಲ. ಬೆನ್ನಿಗೆ ಗಾಳಿ ಮಾಡಿಕೊಂಡು ಅವಳು ನಿಂತಳು, ಅವನು ದಾರ ಬಿಡಿಸಿ, ಪಟವನ್ನು ಮರಳಿನ ಮೇಲಿಟ್ಟು, ಓಡಿಬಂದು ಅವಳ ಹಿಂದೆ ಸೇರಿ ಸೊಂಟದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದ. ಪಟ ಒಮ್ಮೆ ಮುಗ್ಗರಿಸಿತು, ಆಮೇಲೆ ಯಾರೋ ಬಾಯಿಟ್ಟು ಊದಿದಂತೆ ಗೂಡುಗೂಡೂ ಉಬ್ಬಿ ನೆತ್ತಿಗೇರಿತು. ಎಳೆತ ಅವಳ ಮೈಯಿಂದ ಅವನ ಮೈಗೆ ಬಂತು. ಇಬ್ಬರೂ ನಾಲ್ಕು ಹೆಜ್ಜೆ ಮುಂದಕ್ಕೆ ಜಾರಿದರು, ಅವನು ಹಿಮ್ಮಡಿ ಊರಿ ನಿಂತ, ಅವಳೂ ನಿಂತಳು. ‘ರೀ, ಬಲಕ್ಕೆ ಹೋಯ್ತು ನೋಡ್ರೀ! ನಾನು ಎಳೆದ ಕಡೆಗೇ ಹೋಯ್ತು!’ ಅವಳ ಕೂದಲು ಅವನ ಬಾಯಿಗೆ ಬರುತ್ತಿತ್ತು. ಬೆವರಿನ ಜೊತೆಗೆ ಯಂತ್ರದ ಎಣ್ಣೆಯ ವಾಸನೆ, ಮರೆತೇಹೋಗಿದ್ದ ವಾಸನೆ. ಪಟ್ಟಿಯೊಳಗೆ ತೂರಿಸಿದ್ದ ಅವನ ಬೆರಳಿನ ಗೆಣ್ಣುಗಳಿಗೆ ಏನೋ ಗಟ್ಟಿಯಾದದ್ದು ಒತ್ತುತ್ತಿತ್ತು, ಪಟ್ಟಿಯ ಬಕಲ್ ಇರಬೇಕು, ಇಷ್ಟು ಚೂಪಾದದ್ದನ್ನು ಯಾಕೆ ಹಾಕಿದಳೋ ಎಂದುಕೊಂಡ, ಕೈ ಸರಿಸಿಕೊಳ್ಳಲಿಲ್ಲ. ತನ್ನ ಎಂಬತ್ತೆಂಟು ಕಿಲೋ ಯಾವುದೋ ಒಂದಕ್ಕೆ ಬೇಕಾಗಿ ಬಂದದ್ದು ಅವನಿಗೆ ನೆನಪಿದ್ದಂತೆ ಅದೇ ಮೊದಲು. ತಾನು ಬಿಟ್ಟರೆ ಅವಳು ನಿಲ್ಲಲಾರಳು. ಪಟ ದೊಡ್ಡದಿತ್ತು, ಅದು ಅವರಿಬ್ಬರಿಗೆ ಸೇರಿ ಹೊಲಿದಂತಿತ್ತು, ಮತ್ತು ಅದು ಅವನಿಗೆ ಮಾತ್ರ ಗೊತ್ತಿತ್ತು.

ಪಟವನ್ನು ನೆಲಕ್ಕಿಳಿಸಿ ಇಬ್ಬರೂ ಮರಳಿನ ಮೇಲೆ ಕೂತರು. ಅವಳ ಅಂಗೈ ಕೆಂಪಾಗಿತ್ತು. ‘ಪ್ರತಿ ವಾರ ಬರೋಣ. ನೀವು ಹೀಗೇ ಹಿಂದೆ ನಿಂತಿದ್ರೆ ಸಾಕು, ನನಗೆ ಏನೂ ಭಯ ಇಲ್ಲ’ ಎಂದಳು. ಅವನಿಗೆ ಅಳು ಬಂದಂತಾಯಿತು. ಸುಮ್ಮನಿದ್ದರಾಯಿತು, ಪ್ರತಿ ವಾರ ಬರಬಹುದು, ಪ್ರತಿ ವಾರ ಈ ಕೂದಲು, ಈ ವಾಸನೆ. ಒಬ್ಬಳೇ ಹಾರಿಸಲಾರೆ ಎಂದು ಅವಳೇ ನಂಬಿಕೊಳ್ಳುತ್ತಾಳೆ, ನಿನ್ನ ಕೈಲಿ ಆಗದು ಎಂದು ಅವನು ಹೇಳಬೇಕಾದ್ದೂ ಇಲ್ಲ. ಅವಳು ನೀರಿಗಿಳಿಯುವ ದಿನ ಬರುವುದೇ ಇಲ್ಲ. ಎಂಥ ಮನುಷ್ಯ ನಾನು ಎಂದು ಹೇಸಿಕೆಯಾಯಿತು. ಅವಳು ಅವನತ್ತ ನೋಡದೆ ಪಟದ ಮೇಲಿನ ಮರಳು ಕೊಡವುತ್ತಿದ್ದಳು, ಅವನು ಹೇಳಿದ್ದನ್ನೆಲ್ಲ ನಂಬಿ, ಆ ಮುದುಕನ ಹಾಗೆ.

‘ಇದು ನಿನಗೆ ದೊಡ್ಡದಾಯ್ತು ಕಣೆ’ ಎಂದ. ‘ಅಂಗಡೀಲಿ ನಾನು... ನನಗೇ ಅಂತ ಹೇಳ್ಬಿಟ್ಟೆ. ಇದು ನನ್ನ ತೂಕಕ್ಕೆ ಕೊಟ್ಟಿದ್ದು. ನಿನ್ನಂಥವರನ್ನ ಎಳ್ಕೊಂಡು ಹೋಗುತ್ತೆ ಅಂತಾನೂ ಹೇಳಿದ್ಲು.’

ಅವಳ ಕೈ ನಿಂತಿತು. ‘ಯಾಕೆ ಹಾಗೆ ಹೇಳಿದ್ರಿ?’

‘ಗೊತ್ತಿಲ್ಲ. ನಾಚಿಕೆಯಾಯ್ತು.’

‘ನನಗೋಸ್ಕರ ಪಟ ತಗೊಳ್ಳೋದಕ್ಕಾ?’

ಅವಳು ಎದ್ದಳು. ‘ಪಟ ಎತ್ತಿ ಹಿಡೀರಿ’ ಎಂದಳು. ‘ಬೇಡ, ಕೇಳು’ ಎಂದರೂ ಕೇಳಲಿಲ್ಲ. ‘ಹಿಂದೆ ಬರಬೇಡಿ. ಅಲ್ಲೇ ನಿಂತಿರಿ. ಎಷ್ಟು ಎಳೆಯುತ್ತೋ ನಾನೂ ನೋಡ್ತೀನಿ.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು, ಅವನದೇ ದಣಿವು. ಒಂದೇ ಮನೆಯಲ್ಲಿದ್ದವರಿಗೆ ನೆಗಡಿ ಅಂಟುವಂತೆ ಅದೂ ಅಂಟಿತ್ತೇನೋ. ಅವನು ಎತ್ತಿ ಹಿಡಿದ. ಪಟ ಕೈಯಿಂದ ಚಿಮ್ಮಿಹೋಯಿತು, ಅರ್ಧ ಏರಿತು, ಒಂದು ಬೀಸು ಗಾಳಿ ಬಂದು ಅದನ್ನು ಅವಳ ಎದುರಿಗೇ ಉಬ್ಬಿಸಿತು. ಅವಳು ಓಡಿದಳು, ಓಡಿದ್ದಲ್ಲ, ಕಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ ಹೋದಳು, ಬಿದ್ದಳು, ಮೊಣಕಾಲಿನ ಮೇಲೆ ಜಾರುತ್ತ ಅವನನ್ನು ದಾಟಿ ಮುಂದೆ ಹೋದಳು. ಅವನ ಬಾಯಿಂದ ಬಂದದ್ದು ಇಪ್ಪತ್ತು ವರ್ಷದಿಂದ ಬರುತ್ತಿದ್ದ ಮಾತೇ. ‘ಹಿಡ್ಕೋ! ಹಿಡ್ಕೋ!’ ಎಂದು ಕಿರುಚಿದ. ಮುಂದಿನ ‘ಬಿಡು’ ಬರಲೇ ಇಲ್ಲ. ಆದರೆ ಅವಳು ಅವನ ಮಾತಿಗೆ ಕಾಯುತ್ತಿರಲಿಲ್ಲ. ಎರಡೂ ಕೈ ಬಿಟ್ಟಳು. ಪಟ ಮುದುಡಿ, ಒಣಗಿಹಾಕಿದ ಸೀರೆ ಜಾರಿದಂತೆ ಮರಳಿಗೆ ಬಿತ್ತು. ಅವನು ಏದುಸಿರು ಬಿಡುತ್ತ ಓಡಿ ಹತ್ತಿರ ಹೋಗುವಷ್ಟರಲ್ಲಿ ಅವಳು ಎದ್ದು ಕೂತು, ಬಾಯಿಗೆ ಹೋದ ಮರಳು ಉಗುಳುತ್ತಿದ್ದಳು. ಮೊಣಕಾಲು ತರಚಿತ್ತು. ‘ಬಿಡು ಅನ್ಬೇಕಿತ್ತು ನೀವು’ ಎಂದಳು. ಆಮೇಲೆ, ‘ಅಂಗಡಿ ತೆಗೆದಿರುತ್ತಾ ಇವತ್ತು?’ ಎಂದಳು.

ಅಂಗಡಿ ತೆಗೆದಿತ್ತು. ಅದೇ ಹುಡುಗಿ. ಮರಳು ಮೆತ್ತಿದ ಇಬ್ಬರನ್ನೂ, ತರಚಿದ ಮೊಣಕಾಲನ್ನೂ ನೋಡಿ ಅವಳಿಗೆ ಅರ್ಧ ಕಥೆ ತಿಳಿದುಹೋಯಿತು. ‘ಒಬ್ಬನೇ ಅಂದಿದ್ರಲ್ಲ ಅಂಕಲ್’ ಎಂದಳು. ಇಂಗು ತಿಂದ ಮಂಗನಂತೆ ಅವನು ಚೀಲವನ್ನು ಕೌಂಟರಿನ ಮೇಲಿಟ್ಟ. ‘ನಿಮ್ಮ ತೂಕ ಎಷ್ಟು ಆಂಟಿ?’

‘ನಲವತ್ತಾರು’ ಎಂದಳು ಹೆಂಡತಿ.

‘ಏ, ಅಷ್ಟು ಕಡಿಮೆ ಎಲ್ಲಿ’ ಎಂದು ಅವನು ನಗಲು ನೋಡಿದ. ‘ಸರಿಯಾಗಿ ಹೇಳೇ, ಮತ್ತೆ ತಪ್ಪಾದೀತು. ಐವತ್ತೆಂಟೋ ಅರವತ್ತೋ ಇರ್ತಾಳೆ ಇವಳು.’ ಹುಡುಗಿ ಇಬ್ಬರ ಮುಖವನ್ನೂ ನೋಡಿ, ಚೀಲಗಳನ್ನು ತೂಗಲು ಮೂಲೆಯಲ್ಲಿಟ್ಟಿದ್ದ ತೂಕದ ಯಂತ್ರವನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು. ಹೆಂಡತಿ ಚಪ್ಪಲಿ ಬಿಟ್ಟಳು. ಸೊಂಟದ ಪಟ್ಟಿಯ ಗಂಟು ಬಿಚ್ಚಿ ಕೌಂಟರಿನ ಮೇಲಿಟ್ಟು ಯಂತ್ರ ಹತ್ತಿದಳು. ನಲವತ್ತಾರಕ್ಕೂ ಒಂದಿಷ್ಟು ಕಡಿಮೆಯೇ ತೋರಿಸಿತು. ಹುಡುಗಿ ಚಿಕ್ಕ ಪಟ ತರಲು ಒಳಗೆ ಹೋದಳು.

‘ಯಾವಾಗಿಂದ?’ ಎಂದು ಅವನು ಕೇಳಿದ.

‘ಏನಿಲ್ಲ, ಕಾಯಿಲೆ ಗೀಯಿಲೆ ಇಲ್ಲ. ಡಾಕ್ಟರಿಗೂ ತೋರಿಸ್ದೆ.’ ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ ತಲೆಯೆತ್ತದೆ ಹೇಳಿದಳು. ‘ಮಗಳು ಹೋದ ಮೇಲೆ ಒಬ್ಬಳಿಗೇ ಅಂತ ಏನು ಒಲೆ ಹಚ್ಚೋದು ರೀ. ಎಷ್ಟೋ ದಿನ ಟೀ ಕುಡಿದು ಮಲಗ್ಬಿಡ್ತೀನಿ. ನೀವು ಅಲ್ಲೇ ಊಟ ಮುಗಿಸಿ ಬರ್ತೀರಲ್ಲ.’ ದೂರುವ ದನಿಯಲ್ಲ, ದಾರ ಮುಗಿದಿದೆ, ತರಬೇಕು ಎಂದು ಹೇಳುವ ದನಿ. ಅಂಗಡಿಯ ಫ್ಯಾನು ತಲೆಯಿಲ್ಲದ ಬೊಂಬೆಯ ಬಟ್ಟೆಯನ್ನು ಅಲುಗಿಸುತ್ತಿತ್ತು. ಅವನು ಎಲ್ಲಿ ನೋಡುವುದೆಂದು ತಿಳಿಯದೆ ಕೌಂಟರಿನ ಮೇಲಿದ್ದ ಪಟ್ಟಿಯನ್ನು ಕೈಗೆತ್ತಿಕೊಂಡ, ಮಡಿಸಿಡೋಣವೆಂದು. ಜೀನ್ಸ್ ಬಟ್ಟೆ, ಒತ್ತೊತ್ತಾಗಿ ಹಾಕಿದ ಹೊಲಿಗೆ, ಎರಡು ತುದಿಯಲ್ಲಿ ಕಟ್ಟಿಕೊಳ್ಳಲು ಎರಡು ಲಾಡಿ. ಈ ಕಡೆಯಿಂದ ಆ ಕಡೆಯವರೆಗೆ ಹೆಬ್ಬೆರಳಾಡಿಸಿದ, ಮಗುಚಿ ಮತ್ತೆ ಆಡಿಸಿದ. ದಂಡೆಯಲ್ಲಿ ಗೆಣ್ಣಿಗೆ ಒತ್ತಿದಂಥ ಗಟ್ಟಿಯಾದದ್ದು ಯಾವುದೂ ಸಿಗಲಿಲ್ಲ. ಅದರಲ್ಲಿ ಬಕಲ್ ಇರಲಿಲ್ಲ.